ಮೂರು ಉಸಿರಿನಷ್ಟು ತಡ

ಭಾನುವಾರ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಮಹದೇವು ಏಳನೆಯ ಸಲ ಟ್ರಾಕ್ಟರಿನ ಕೈ ಆಕ್ಸಿಲೇಟರನ್ನು ಎಳೆದು ಮನಸ್ಸಿನಲ್ಲೇ ಎಣಿಸತೊಡಗಿದ. ಒಂದು ಉಸಿರು, ಎರಡು ಉಸಿರು, ಮೂರು. ಆಮೇಲೆ ಎಂಜಿನ್ನು, ಯಾರೋ ಕರೆದದ್ದು ಈಗಷ್ಟೇ ಕಿವಿಗೆ ಬಿತ್ತೆನ್ನುವ ಹಾಗೆ, ಗುಡುಗುಟ್ಟುತ್ತ ಮೇಲೆದ್ದಿತು. ಹಿಡಿಯನ್ನು ಹಿಂದಕ್ಕೆ ತಂದ. ಇಳಿಯುವುದಕ್ಕೂ ಅಷ್ಟೇ ತಡ. ಇಪ್ಪತ್ತೆಂಟು ವರ್ಷದಿಂದ ಮಂಡ್ಯದ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಪಾಠ ಹೇಳುತ್ತಿದ್ದವನಿಗೆ ರೇಸು ಏರದಿರುವುದಕ್ಕೆ ಎಷ್ಟು ಕಾರಣಗಳಿವೆಯೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಲು ಬರುತ್ತಿತ್ತು. ಹೇಳಲು ಬರುವ ಅಷ್ಟನ್ನೂ ಅವನು ಈ ಹನ್ನೊಂದು ದಿನದಲ್ಲಿ ಮಾಡಿ ಮುಗಿಸಿದ್ದ. ಆಕ್ಸಿಲೇಟರಿನ ಸಲಾಕೆಗಳ ಸಡಿಲ ತೆಗೆದಿದ್ದ, ಏರ್ ಫಿಲ್ಟರಿನ ಎಣ್ಣೆ ಬದಲಿಸಿದ್ದ, ಡೀಸೆಲ್ ಫಿಲ್ಟರು ಹೊಸದು ಹಾಕಿದ್ದ, ನಾಜಲ್‌ಗಳನ್ನು ಮಂಡ್ಯಕ್ಕೆ ಒಯ್ದು ಪರೀಕ್ಷೆ ಮಾಡಿಸಿ ತಂದಿದ್ದ. ಎಲ್ಲವೂ ಸರಿಯಾಗಿದ್ದವು. ಎಲ್ಲವೂ ಸರಿಯಾಗಿರುವುದೇ ಅವನನ್ನು ಹೆದರಿಸುತ್ತಿತ್ತು. ಅವನು ಹಿಡಿಯನ್ನು ಎಳೆದಾಗಲೆಲ್ಲ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಹೆಂಡತಿ ಕುಸುಮ ಅಲ್ಲಿ ನಿಂತು ತನ್ನ ಹಾಗೆಯೇ ಎಣಿಸುತ್ತಿದ್ದಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು. ಸದ್ದು ಏರಿದ ಮೇಲೆ ಪಾತ್ರೆಯೂ ಮತ್ತೆ ಸದ್ದು ಮಾಡುತ್ತಿತ್ತು, ಒಂದೇ ಕೈಯಲ್ಲಿ ತೊಳೆಯುವವರ ಪಾತ್ರೆ ಕಲ್ಲಿನ ಮೇಲೆ ಜಾರುವ ಸದ್ದು.

ಹನ್ನೊಂದು ದಿನದ ಹಿಂದೆ, ನಾಲೆ ಏರಿಯ ತಿರುವಿನಲ್ಲಿ ಎದುರಿಗೆ ಹಾಲಿನ ಕ್ಯಾನು ಕಟ್ಟಿದ್ದ ಬೈಕೊಂದು ಬಂತು. ಅವನು ನಿಲ್ಲಿಸಬೇಕಾಯಿತು, ಹಿಂದೆ ಟ್ರೇಲರಿನ ತುಂಬ ಕಬ್ಬು. ಹೋದ ವರ್ಷದ ತನಕ ಬಾಡಿಗೆ ಟ್ರಾಕ್ಟರಿನಲ್ಲಿ ಆಲೆಮನೆಗೆ ಹೋಗುತ್ತಿದ್ದ ಕಬ್ಬು ಈ ಸಲ ತನ್ನ ಟ್ರಾಕ್ಟರಿನಲ್ಲೇ ಹೋಗಬೇಕೆಂದು ಹಠ ಹಿಡಿದವನು ಅವನೇ. ಟ್ರಾಕ್ಟರು ಅವನಿಗಿಂತ ಹತ್ತು ವರ್ಷ ದೊಡ್ಡದು, ಸಮುದ್ರದ ಆಚೆಯಿಂದ ಬಂದದ್ದು, ಷೆಡ್ಡಿನಲ್ಲಿ ತುಕ್ಕು ಹಿಡಿದು ಕೂತದ್ದನ್ನು ಹರಾಜಿನಲ್ಲಿ ಹಿಡಿದು ನಾಲ್ಕು ವರ್ಷ ರಜೆಯ ದಿನಗಳನ್ನೆಲ್ಲ ಸುರಿದು ಎಬ್ಬಿಸಿದ್ದು. ಬೈಕು ದಾಟಿದ ಮೇಲೆ ಕ್ಲಚ್ಚು ಬಿಡುತ್ತ ಹಿಡಿ ಎಳೆದ. ಒಂದು ಉಸಿರು. ಟ್ರಾಕ್ಟರು ಒಂದು ಗೇಣು ಹಿಂದಕ್ಕೆ ಜರುಗಿತು. ಬ್ರೇಕು ಹಿಡಿಯಿತು, ಜಾರಿತು. ಕುಸುಮ ಹಿಂದೆ ಚಕ್ರಕ್ಕೆ ಒಡ್ಡಲು ಕಲ್ಲು ಹಿಡಿದು ನಿಂತಿದ್ದಾಳೆ ಎಂಬುದು ಹೊಳೆದು ತಿರುಗಿ ನೋಡಿದ. ಎರಡು. ಕಬ್ಬಿನ ಸೋಗೆಗಳ ಸಂದಿಯಲ್ಲಿ ಅವಳ ಮುಖ ಕಂಡಿತು, ಆಮೇಲೆ ಕಾಣಲಿಲ್ಲ. ಮೂರು ಎನ್ನುವಾಗ ಎಂಜಿನ್ನು ಗುಡುಗಿ ಇಡೀ ಗಾಡಿಯನ್ನು ಮುಂದಕ್ಕೆ ಎಳೆದುಕೊಂಡಿತು. ಇಳಿದು ಓಡಿದಾಗ ಅವಳು ಏರಿಯ ಅಂಚಿನಲ್ಲಿ ಕೂತಿದ್ದಳು, ಎಡಗೈಯ ಮಣಿಕಟ್ಟು ಬೇರೆಯವರದೆಂಬಂತೆ ತಿರುಚಿಕೊಂಡಿತ್ತು. ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಬೋರಯ್ಯ, ಅವನ ಮನೆಯವರು, ಬೈಕಿನವನು, ಎಲ್ಲ ನೋಡುತ್ತಿದ್ದರು. ಅವರೆಲ್ಲ ನೋಡುತ್ತಿದ್ದದ್ದಕ್ಕೇ ಇರಬೇಕು, ಅವನ ಬಾಯಿಂದ ಬಂದದ್ದು, ಒಂದು ಕಲ್ಲನ್ನು ನೆಟ್ಟಗೆ ಇಡೋಕೂ ಬರಲ್ವಾ ನಿಂಗೆ, ಎನ್ನುವ ಮಾತು. ಅವಳು ಸೆರಗಿನಲ್ಲಿ ಕೈಯನ್ನು ತಾನೇ ಸುತ್ತಿಕೊಂಡಳು. ಬೋರಯ್ಯ ಮಾತ್ರ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸುತ್ತ, ಪುಸ್ತಕದೊಳಗಿನ ಟ್ರಾಕ್ಟರು ಏರಿ ಹತ್ತೋದಿಲ್ಲ ಅಲ್ವರಾ ಮೇಷ್ಟ್ರೇ ಎಂದು, ಮರುಕವೋ ಕುಹಕವೋ ತಿಳಿಯದ ದನಿಯಲ್ಲಿ ಅಂದಿದ್ದ.

ಮದ್ದೂರಿನ ನಜೀರ್ ಅಹ್ಮದರನ್ನು ಕರೆಸಲು ಅವನಿಗೆ ಹನ್ನೊಂದು ದಿನ ಹಿಡಿಯಿತು. ತರಗತಿಯಲ್ಲಿ ಅಂದಾಜಿನ ಮೇಲೆ ಕೆಲಸ ಮಾಡುವ ಮೆಕ್ಯಾನಿಕ್ಕುಗಳ ಬಗ್ಗೆ ಹೇಳುವಾಗ ಅವನು ಹೆಸರೆತ್ತದೆ ಕೊಡುತ್ತಿದ್ದ ಉದಾಹರಣೆ ಈ ನಜೀರ್ ಅಹ್ಮದರದೇ. ಅಳತೆಯಿಲ್ಲ, ಮೀಟರಿಲ್ಲ, ಕಿವಿಯೊಂದೇ ಎಂದು ಹೇಳಿದರೆ ಹುಡುಗರು ನಗುತ್ತಿದ್ದರು. ಆ ನಗೆ ಅವರ ತನಕ ಮುಟ್ಟಿತ್ತೋ ಇಲ್ಲವೋ, ಅವರಂತೂ ಭಾನುವಾರ ಒಂಬತ್ತು ಗಂಟೆಗೆ ಮೊಪೆಡ್ಡಿನಲ್ಲಿ ಬಂದು ಇಳಿದರು. ಎಪ್ಪತ್ತನಾಲ್ಕು ವಯಸ್ಸು, ಪೊರೆ ತೆಗೆಸಿದ ಕಣ್ಣಿಗೆ ದಪ್ಪ ಕನ್ನಡಕ, ಕೈಯಲ್ಲಿ ಒಂದು ಪುಟ್ಟ ಚೀಲ. ಜಗುಲಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದ ಸೋಮಮ್ಮನಿಗೆ, ಮಹದೇವುವಿನ ತಾಯಿಗೆ, ಹೆಂಗಿದ್ದೀರಮ್ಮ ಎಂದು ಕೇಳಿ, ಉತ್ತರ ಬರುವ ತನಕ ನಿಂತು, ಆಮೇಲೆ ಟ್ರಾಕ್ಟರಿನ ಕಡೆ ಬಂದರು.

ಮಹದೇವು ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ವಿವರಿಸಿದ. ಅವರು ಬೇಡವೆನ್ನದೆ ಕೇಳಿಸಿಕೊಂಡು, ಸ್ಟಾರ್ಟ್ ಮಾಡಲು ಹೇಳಿದರು. ಅವನು ಹಿಡಿ ಎಳೆದ. ಅವರು ಎಂಜಿನ್ನಿನ ಕಡೆ ನೋಡಲೇ ಇಲ್ಲ. ದೂರದ ಹುಣಸೆ ಮರದಲ್ಲಿ ಕೊಕ್ಕು ಕುಟ್ಟುತ್ತಿದ್ದ ಕೊಕ್ಕರೆಗಳನ್ನು ನೋಡುತ್ತ ನಿಂತು, ಅಂಗೈಯನ್ನು ಗಾಳಿ ಎಳೆಯುವ ಕೊಳವೆಯ ಹತ್ತಿರ ಹಿಡಿದಿದ್ದರು. ಇನ್ನೊಂದು ಸಲ ಎಂದರು. ಇನ್ನೊಂದು ಸಲ. ಆಮೇಲೆ ಎಂಜಿನ್ನು ನಿಲ್ಲಿಸಿ, ಡೀಸೆಲ್ ಪಂಪಿನ ಹಿಂಭಾಗಕ್ಕೆ ಬರುವ ಸಣ್ಣ ಪೈಪನ್ನು ಬಿಚ್ಚಿದರು. ಎಂಜಿನ್ನು ನಿಲ್ಲಿಸುವ ಪುಟ್ಟ ಸನ್ನೆಕೋಲನ್ನು ಒತ್ತಿ ಹಿಡಿದು, ಪೈಪಿನ ಬಾಯಿಗೆ ಎಂಜಲು ಹಚ್ಚಿದ ಬೆರಳನ್ನು ಇಟ್ಟು ಸನ್ನೆಯನ್ನು ಬಿಟ್ಟರು. ಅದು ಅಲ್ಲೇ ನಿಂತಿತು. ಗಾಳಿ ಎಲ್ಲೂ ಸೋರುತ್ತಿಲ್ಲ, ಅದನ್ನು ನಾನೂ ನೋಡಿದ್ದೇನೆ ಎಂದ ಮಹದೇವು. ಹೌದು ಎಂಬಂತೆ ತಲೆದೂಗಿ ಅವರು ಬೆರಳು ತೆಗೆದರು. ಈಗ ಸ್ಪ್ರಿಂಗಿನ ಹೊಡೆತಕ್ಕೆ ಸನ್ನೆ ಫಟ್ಟನೆ ವಾಪಸು ಬರಬೇಕಿತ್ತು. ಬರಲಿಲ್ಲ. ಮಲಗಿದವರು ಮಗ್ಗುಲು ಬದಲಿಸುವ ಹಾಗೆ ನಿಧಾನಕ್ಕೆ, ಮನಸ್ಸಿಲ್ಲದೆ, ತನ್ನ ಜಾಗಕ್ಕೆ ಬಂತು.

"ಹರಿದಿಲ್ಲ ಮೇಷ್ಟ್ರೇ. ಒಣಗೈತೆ," ಎಂದರು ನಜೀರ್ ಅಹ್ಮದ್. "ಒಳಗಿರೋ ಪರದೆ."

ಪುಸ್ತಕದಲ್ಲಿ ಅದಕ್ಕೆ ಒಂದೇ ಒಂದು ಪುಟ ಇತ್ತು. ಎಂಜಿನ್ನು ಗಾಳಿಯನ್ನು ಸೆಳೆದುಕೊಳ್ಳುವಾಗ ಆ ಸೆಳೆತ ಸಣ್ಣ ಪೈಪಿನಲ್ಲಿ ಬಂದು ಪರದೆಯನ್ನು ಹಿಂದಕ್ಕೆ ಎಳೆಯುತ್ತದೆ, ಸೆಳೆತ ಸಡಿಲವಾದರೆ ಸ್ಪ್ರಿಂಗು ಮುಂದಕ್ಕೆ ತಳ್ಳುತ್ತದೆ, ಪರದೆಗೆ ಕಟ್ಟಿದ ಸಲಾಕೆ ಡೀಸೆಲ್ಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಚಿತ್ರವೂ ಇತ್ತು. ಇದು ಹಳೇ ಕಾಲದ್ದು, ಪರೀಕ್ಷೆಗೆ ಬರಲ್ಲ ಎಂದು ಹೇಳಿ ಅವನು ಪ್ರತಿ ವರ್ಷ ಆ ಪುಟ ಮಗುಚುತ್ತಿದ್ದ. ಪರದೆ ಯಾವುದರದು ಎಂದು ಪುಸ್ತಕದಲ್ಲಿ ಬರೆದಿತ್ತೋ ಇಲ್ಲವೋ, ಅವನಿಗೆ ನೆನಪಿರಲಿಲ್ಲ. ನಜೀರ್ ಅಹ್ಮದರು ನಾಲ್ಕು ತಿರುಪು ಬಿಚ್ಚಿ, ಮುಚ್ಚಳ ಸರಿಸಿ, ಸ್ಪ್ರಿಂಗನ್ನು ಪಕ್ಕಕ್ಕಿಟ್ಟು, ಅಂಗೈಯಗಲದ ದುಂಡನೆಯ ವಸ್ತುವೊಂದನ್ನು ಬಿಳಿ ಬಟ್ಟೆಯ ಮೇಲೆ ಇಟ್ಟರು. ಕಂದು ಬಣ್ಣ, ನಡುವೆ ಹಿತ್ತಾಳೆಯ ಬಿಲ್ಲೆ. ಮಹದೇವು ಬಗ್ಗಿದ. ಡೀಸೆಲ್ಲಿನ ವಾಸನೆಯ ಅಡಿಯಿಂದ, ಬಹಳ ಕೆಳಗಿನಿಂದ, ಇನ್ನೊಂದು ವಾಸನೆ ಎದ್ದು ಬಂತು.

ಸುಣ್ಣದ ಗುಂಡಿ, ಹದ ಮಾಡಲು ತಂಗಡಿ ತೊಗಟೆ ನೆನೆಸಿದ ಕೆಂಪು ನೀರು, ಹಿತ್ತಲಿನ ಗೂಟಕ್ಕೆ ಬಿಗಿದು ಕಟ್ಟಿದ ತೊಗಲು. ಮೂರನೆಯ ತರಗತಿಯಲ್ಲಿ ಅವನ ಪಕ್ಕ ಕೂರಬೇಕಾದವನು ಮೂಗು ಹಿಡಿದುಕೊಂಡು ಆಚೆ ಬೆಂಚಿಗೆ ಹೋದ. ಮೇಷ್ಟ್ರು ನೋಡಿದರು, ಪಾಠ ಮುಂದುವರಿಸಿದರು. ಅಪ್ಪ ದೊಡ್ಡಸಿದ್ದಯ್ಯ ಸತ್ತ ಮೇಲೂ ಗೂಡಿನಲ್ಲಿ ಆ ಸಾಮಾನು ಇತ್ತು: ತೊಗಲು ಕೊಯ್ಯುವ ರಂಪಿಗೆ, ಉಳಿ, ಅಡಿಗಲ್ಲು. ಮಹದೇವುವಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ ಕೇರಿಯ ಹದಿನೇಳು ಮನೆಯವರು ಬೌದ್ಧ ದೀಕ್ಷೆ ತೆಗೆದುಕೊಂಡರು. ಅವತ್ತು ಸಂಜೆಯೇ ಅವನು ಅದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಶಿಂಷಾ ಹೊಳೆಗೆ ಎಸೆದು ಬಂದಿದ್ದ. ಸೋಮಮ್ಮ ದಡದ ತನಕ ಹಿಂದೆಯೇ ಬಂದು ನಿಂತಿದ್ದಳು. ಆ ರಂಪಿಗೆ ನಮ್ಮಪ್ಪ ಕೊಟ್ಟಿದ್ದು ಎಂದಷ್ಟೇ ಹೇಳಿದ್ದಳು, ಅದೂ ಚೀಲ ಮುಳುಗಿದ ಮೇಲೆ. ಅಂದಿನಿಂದ ಅವನು ಚರ್ಮದ ಚಪ್ಪಲಿ ಮೆಟ್ಟಿದವನಲ್ಲ, ಅವನ ಬೆಲ್ಟು ಕೂಡ ನೂಲಿನದು. ಈಗ ನಾಲ್ಕು ವರ್ಷ ತಾನು ಉಜ್ಜಿ ತೊಳೆದು ಬಣ್ಣ ಬಳಿದ ಕಬ್ಬಿಣದ ಒಳಗೆ, ಅದರ ನಟ್ಟ ನಡುವೆ, ಇದು ಕೂತಿತ್ತು. ಅವನಿಗೆ ಮೊದಲು ಆದದ್ದು ಅವಮಾನ. ಯಾರೋ ಬೇಕೆಂದೇ ತಂದು ಇಟ್ಟಂತೆ.

ನಜೀರ್ ಅಹ್ಮದರು ಅದರ ಅಂಚನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದರು. ಹೊಸದು ಎಲ್ಲೂ ಸಿಗುವುದಿಲ್ಲವೆಂದರು. ಮೈಸೂರಿನಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಒಬ್ಬ ಮುದುಕ ಇಂಥದ್ದನ್ನು ಕತ್ತರಿಸಿ ಕೊಡುತ್ತಿದ್ದ, ಅವನು ಹೋಗಿ ಇಪ್ಪತ್ತು ವರ್ಷವಾಯಿತೆಂದರು. ಮೆದು ಮಾಡಿದರೆ ಇದೇ ಕೆಲಸ ಮಾಡುತ್ತದೆ, ಆದರೆ ಇಷ್ಟು ಹಳೆಯ ಚರ್ಮ, ಮಡಿಚಿದ ಕಡೆ ಬಿರಿದರೆ ಮುಗಿಯಿತು. ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಎಂದರು. ಹೇಳುತ್ತ ಹೇಳುತ್ತ ಅವರ ಕಣ್ಣು ಜಗುಲಿಯ ಕಡೆ ಹೋಯಿತು, ಹೋದದ್ದು ತಕ್ಷಣ ವಾಪಸು ಬಂದು ನೆಲ ನೋಡಿತು. ಮಹದೇವುವಿಗೆ ಅರ್ಥವಾಯಿತು. ತನಗೆ ಅರ್ಥವಾದದ್ದು ಅವರಿಗೂ ಗೊತ್ತಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಕೇಳಬಾರದ್ದನ್ನು ಕೇಳದೆ ಇರುವ ಆ ಸೌಜನ್ಯ ಅವನಿಗೆ ಬೋರಯ್ಯನ ಮಾತಿಗಿಂತ ಆಳಕ್ಕೆ ಇಳಿಯಿತು. ಇಷ್ಟು ವರ್ಷ ಇವರ ಬಗ್ಗೆ ನಗಿಸಿದ್ದೆನಲ್ಲ ಎಂದುಕೊಂಡ.

ಷೆಡ್ಡಿನಿಂದ ಜಗುಲಿಗೆ ಹದಿನೈದು ಹೆಜ್ಜೆ. ಬಟ್ಟೆಯ ಸಮೇತ ಅದನ್ನು ಅಂಗೈಯಲ್ಲಿ ಹೊತ್ತು ಅವನು ತಾಯಿಯ ಮುಂದೆ ನಿಂತ. ಎಂಬತ್ತೊಂದು ತುಂಬಿದ ಸೋಮಮ್ಮನ ಬೆರಳುಗಳು ಸೊಟ್ಟಗಾಗಿ, ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಅವನು, "ಅವ್ವ, ಇದು ಚರ್ಮ ಅಂತೆ," ಎಂದ.

"ಅಂತೆ ಏನ್ಲಾ. ಚರ್ಮವೇ," ಎಂದಳು ಅವಳು, ಇನ್ನೂ ಮುಟ್ಟದೆ.

ಆಮೇಲೆ ಕೈ ಚಾಚಿದಳು. ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನು ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಆಡಿಸಿದಳು. ತಿರುಗಿಸಿ ಬೆನ್ನು ಮುಟ್ಟಿದಳು. ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಂದು ಸಲ ತಟ್ಟಿದಳು. ಮಹದೇವು ನೋಡುತ್ತಿದ್ದ. ಆ ಬೆರಳುಗಳ ಸೊಟ್ಟ ಎಲ್ಲಿಗೆ ಹೋಯಿತೋ; ಅವು ಒಂದರ ಹಿಂದೆ ಒಂದು, ಸಾಲಿನಲ್ಲಿ ನಡೆಯುವವರ ಹಾಗೆ, ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದವು.

"ಎಳೇ ಕರುಂದು. ಬೆನ್ನ ಮಗ್ಗುಲಾಗಿಂದ ಕೊಯ್ದವ್ನೆ. ಒಟ್ಟೆ ಕಡೇದಾಗಿದ್ರೆ ಇಷ್ಟೊತ್ಗೆ ಜೋಲು ಬಿದ್ದೋಗಿರದು," ಎಂದಳು. "ಅಂಚ ನೋಡು, ಒಂದೇ ಏಟಿಗೆ ಕೊಯ್ದವ್ನೆ, ಎಲ್ಡನೇ ಸಲ ಕೈಯಾಕಿಲ್ಲ. ಕಸುಬು ಗೊತ್ತಿದ್ದೋನು ಕಣ್ಲಾ. ಯಾವೂರೋನು ಇವ್ನು?"

ಸಮುದ್ರದ ಆಚೆ ದೇಶದಲ್ಲಿ ಮಾಡಿದ್ದು, ಅರವತ್ತಾರು ವರ್ಷವಾಗಿದೆ ಎಂದು ಅವನು ಹೇಳಿದ.

ಸೋಮಮ್ಮ ಸ್ವಲ್ಪ ಹೊತ್ತು ಅದರ ಅಂಚನ್ನೇ ಸವರಿದಳು. "ಎಲ್ಲಿಯೋನಾದ್ರೇನು," ಎಂದಳು. "ನಮ್ಮೋನೇ."

ಮಹದೇವು ಜಗುಲಿಯ ಅಂಚಿನಲ್ಲಿ ಕೂತ. ಮಳವಳ್ಳಿಯ ಆಚೆ ಕಾಲಿಡದ, ಹೆಸರು ಬರೆಯಲು ಬಾರದ ಈ ಹೆಂಗಸು, ಮಗ ಹುಟ್ಟುವ ಮೊದಲೇ ಯಾವುದೋ ಚಳಿ ದೇಶದ ಕಾರ್ಖಾನೆಯಲ್ಲಿ ಬಗ್ಗಿ ಕೂತಿದ್ದ ಒಬ್ಬನ ಕೈಯನ್ನು ಈಗ ಇಲ್ಲಿ ಗುರುತು ಹಿಡಿದಿದ್ದಳು. ಅವನು ಕತ್ತಿಯನ್ನು ಹೇಗೆ ಹಿಡಿದ, ಎಲ್ಲಿ ಒತ್ತಿದ, ಎಷ್ಟು ಧೈರ್ಯದಿಂದ ಒಂದೇ ಬೀಸಿಗೆ ದುಂಡಗೆ ಕೊಯ್ದ, ಎಲ್ಲ ಅವಳಿಗೆ ಕಾಣುತ್ತಿತ್ತು. ಅವನಿಗೂ ಪಕ್ಕದ ಬೆಂಚಿನಲ್ಲಿ ಮೂಗು ಹಿಡಿದವರಿದ್ದರೋ ಏನೋ. ಎಷ್ಟು ಎಂಜಿನ್ನುಗಳ ಎದೆಯಲ್ಲಿ ಅವನು ಕೊಯ್ದ ತೊಗಲು ಉಸಿರಾಡಿತ್ತೋ. ಉಕ್ಕನ್ನು ಎರೆದವರು, ಪಂಪನ್ನು ಕೂದಲೆಳೆಯ ಅಳತೆಗೆ ಕೊರೆದವರು, ಎಲ್ಲರ ಲೆಕ್ಕಾಚಾರವೂ ಕೊನೆಗೆ ಬಂದು ಒಂದು ಕರುವಿನ ಬೆನ್ನಿನ ಮೇಲೆ ನಿಂತಿತ್ತು. ಅವಮಾನ ಎಂದು ಅವನು ತಿಳಿದದ್ದು ಮೈಯಿಂದ ಇಳಿಯಲಿಲ್ಲ; ಇದ್ದಲ್ಲೇ ಬೇರೆ ಏನೋ ಆಗುತ್ತಿತ್ತು, ಅದಕ್ಕೆ ಅವನ ಹತ್ತಿರ ಹೆಸರಿರಲಿಲ್ಲ.

ಅವಳು ಹರಳೆಣ್ಣೆ ಕೇಳಿದಳು, ಬೆಚ್ಚಗಿರಬೇಕು, ಕಾದಿರಬಾರದು ಎಂದಳು. ಕುಸುಮ ಬಿಳಿ ಕಟ್ಟಿನ ಎಡಗೈಯನ್ನು ಎದೆಗೆ ಒತ್ತಿಕೊಂಡು ಬಲಗೈಯಲ್ಲಿ ಬಟ್ಟಲು ತಂದಿಟ್ಟಳು. ಸೋಮಮ್ಮ ಎಣ್ಣೆಯನ್ನು ಚರ್ಮದ ಬೆನ್ನಿಗೆ ಮಾತ್ರ ಹಚ್ಚಿ ಬಿಸಿಲಿಗೆ ಹಿಡಿದಳು, ಕುಡಿಯಲು ಬಿಟ್ಟಳು, ಮತ್ತೆ ಹಚ್ಚಿದಳು. ಬಹಳ ಹೊತ್ತು ಮಡಿಚಲೇ ಇಲ್ಲ. ನಜೀರ್ ಅಹ್ಮದರು ಕೆಳಗಿನ ಮೆಟ್ಟಿಲಿನ ಮೇಲೆ ಕೂತು ಕನ್ನಡಕ ಮೂಗಿಗಿಳಿಸಿ ನೋಡುತ್ತಿದ್ದರು. ಎರಡು ಹೆಬ್ಬೆರಳೂ ಅಂಚಿನ ಸುತ್ತ ಕೂದಲೆಳೆಯಷ್ಟು ಬಾಗಿಸುತ್ತ, ಬಿಡುತ್ತ, ಬಾಗಿಸುತ್ತ, ಬಿಡುತ್ತ ಸುತ್ತಿದವು. ಬಿಸಿಲು ಜಗುಲಿಯಿಂದ ಇಳಿದು ಅಂಗಳಕ್ಕೆ ಬಂತು. ಯಾರೂ ಕೇಳದಿದ್ದರೂ ಅವಳು ಮಾತಾಡತೊಡಗಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಈ ಸೀಮೆಯಲ್ಲೆಲ್ಲ ಕಪಿಲೆ ಬಾವಿಗಳಿದ್ದವು, ಎತ್ತು ಹೂಡಿ ನೀರು ಸೇದುವ ದೊಡ್ಡ ತೊಗಲಿನ ಬಾನಿಗಳನ್ನು ಹೊಲಿಯುತ್ತಿದ್ದವರು ಅವಳೂ ದೊಡ್ಡಸಿದ್ದಯ್ಯನೂ. ಹೊಲಿಗೆಯಲ್ಲಿ ಒಂದು ತೊಟ್ಟು ಸೋರಿದರೆ ಬಾವಿಯ ಯಜಮಾನ ಬಾನಿಯನ್ನು ವಾಪಸು ಕಳಿಸುತ್ತಿದ್ದನಂತೆ. ತಮ್ಮದು ಒಂದೂ ವಾಪಸು ಬಂದದ್ದಿಲ್ಲ ಎಂದಳು.

"ನಾವೊಲ್ದ ಬಾನೀಲಿ ಸೇದಿದ್ ನೀರ ಅತ್ತೂರೋರೂ ಕುಡುದ್ರು," ಎಂದಳು, ದನಿಯಲ್ಲಿ ಏರಿಳಿತವಿಲ್ಲದೆ. "ನಮ್ ಕೈಲಿ ಮಾತ್ರ ಈಸ್ಕೊಂಡು ಕುಡೀತಿರ್ಲಿಲ್ಲ."

ನಜೀರ್ ಅಹ್ಮದರು ತಲೆ ತಗ್ಗಿಸಿದರು. ಮಹದೇವು, ಅವ್ವ, ಅವತ್ತು ನಾನು ಹೊಳೆಗೆ, ಎಂದು ಶುರು ಮಾಡಿದ. ಮೂವತ್ತೆರಡು ವರ್ಷ ಹೇಳದೆ ಉಳಿದ ಮಾತು ಅಷ್ಟಕ್ಕೇ ನಿಂತಿತು.

"ಚೀಲ ಎಸ್ದ್ಯಲ್ಲ, ಅದಾ?" ಅವಳು ಕೈ ನಿಲ್ಲಿಸಲಿಲ್ಲ. "ಒಳ್ಳೇದೇ ಮಾಡ್ದೆ ಕಣ್ಲಾ. ಎಸೀದಿದ್ರೆ ನೀನೂ ಅದ್ನೇ ಇಡ್ಕೊಂಡು ಕೂತಿರ್ತಿದ್ದೆ." ಆಮೇಲೆ, ಚರ್ಮವನ್ನು ಬೆಳಕಿಗೆ ಹಿಡಿದು ನೋಡುತ್ತ, "ಕಸುಬು ಚೀಲದಾಗಿತ್ತಾ?" ಎಂದಳು.

ಹನ್ನೆರಡೂವರೆಗೆ ಅವಳು ಅದನ್ನು ಮಗನ ಅಂಗೈಗೆ ಹಾಕಿದಳು. ಬೆಳಿಗ್ಗೆ ಹಲಗೆಯ ಚೂರಿನಂತಿದ್ದದ್ದು ಈಗ ಕೈಯ ಗುಳಿಗೆ ತಕ್ಕಂತೆ ಕೂತುಕೊಂಡಿತು, ಮೈ ಬಿಸಿಯಿತ್ತು. ಮೂವತ್ತೆರಡು ವರ್ಷದ ಮೇಲೆ ಅವನು ಬರಿಗೈಯಲ್ಲಿ ಚರ್ಮ ಮುಟ್ಟಿದ್ದ. ನಜೀರ್ ಅಹ್ಮದರು ಜೋಡಿಸಲು ಹೋಗಲಿಲ್ಲ, ನೀವೇ ಕೂರಿಸಿ ಮೇಷ್ಟ್ರೇ ಎಂದು ತಿರುಪು ಒಂದೊಂದನ್ನೇ ಎತ್ತಿ ಕೊಟ್ಟರು. ಸನ್ನೆ ಒತ್ತಿ ಬಿಟ್ಟಾಗ ಅದು ಫಟ್ಟನೆ ಹಿಂದಕ್ಕೆ ಹಾರಿತು. ಪೈಪು ಕಟ್ಟಿ, ಡೀಸೆಲ್ಲಿನ ದಾರಿಯಲ್ಲಿದ್ದ ಗಾಳಿ ತೆಗೆದು ಸ್ಟಾರ್ಟ್ ಮಾಡಿದರು. ಮಹದೇವು ಹಿಡಿಯ ಮೇಲೆ ಬೆರಳಿಟ್ಟು ಎಣಿಸಲು ಸಿದ್ಧನಾದ. ಒಂದು ಎನ್ನುವುದಕ್ಕೆ ಬಾಯಿ ತೆರೆಯುವ ಮೊದಲೇ ಎಂಜಿನ್ನು ಎದ್ದಿತ್ತು. ಬಿಟ್ಟ, ಇಳಿಯಿತು. ಅರ್ಧ ಬೆರಳು ಎಳೆದ, ಅರ್ಧದಷ್ಟೇ ಏರಿತು. ಬೆರಳು ಅಲುಗುವುದಕ್ಕೂ ಕಬ್ಬಿಣ ಓಗೊಡುವುದಕ್ಕೂ ನಡುವೆ ಇದ್ದ ಜಾಗವೇ ಇಲ್ಲವಾಗಿತ್ತು. ಅಲ್ಲಿ ಒಳಗೆ, ಕತ್ತಲೆಯಲ್ಲಿ, ಎಂದೋ ಸತ್ತ ಒಂದು ಎಳೆಗರುವಿನ ತೊಗಲು ಗಾಳಿಯ ಅಲುಗಾಟವನ್ನು ಕೇಳಿಸಿಕೊಳ್ಳುತ್ತಿತ್ತು. ಅವನ ಕಣ್ಣಿನಲ್ಲಿ ನೀರು ಬಂತು. ಹೊಗೆ ಎಂದು ಒರೆಸಿಕೊಂಡ, ಹೊಗೆ ಇರಲಿಲ್ಲ. ನಜೀರ್ ಅಹ್ಮದರು ಜಗುಲಿಯ ಹತ್ತಿರ ಹೋಗಿ, ಐವತ್ತೈದು ವರ್ಷ ಪಂಪು ಬಿಚ್ಚಿದ್ದೇನೆ, ಇವತ್ತು ನೋಡಿದ್ದನ್ನು ನೋಡಿರಲಿಲ್ಲ ಎಂದರು. ಸೋಮಮ್ಮ ಸೀಗೆಪುಡಿ ಕೇಳಿ ಕೈ ತೊಳೆಯುತ್ತಿದ್ದಳು. ಊಟ ಮಾಡ್ಕೊಂಡೇ ಓಗ್ಬೇಕು ಎಂದಷ್ಟೇ ಹೇಳಿದಳು.

ಮಹದೇವು ಅಡುಗೆಮನೆಯ ಬಾಗಿಲಿಗೆ ಬಂದ. ಕುಸುಮ ಒಲೆಯ ಮುಂದೆ ಇದ್ದಳು, ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಪಕ್ಕದ ಮೊರದಲ್ಲಿ ರಾಗಿಹಿಟ್ಟು. ಎಣ್ಣೆ ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೈಯಿಂದ ದೂರ ಹಿಡಿದುಕೊಂಡು ಅವನು, ಅವತ್ತು ತಪ್ಪು ಕಲ್ಲಿನದಲ್ಲ, ನಿನ್ನದೂ ಅಲ್ಲ ಎಂದ. ಒಳಗಿನ ಪರದೆ ಒಣಗಿತ್ತು, ನಾನು ನೋಡಬೇಕಿತ್ತು, ನೋಡದೆ ಎಲ್ಲರ ಎದುರಿಗೆ ನಿನ್ನನ್ನು ಅಂದೆ ಎಂದ. ಹೇಳಿದ ಮೇಲೆ ಅದು ಬಹಳ ಸಣ್ಣದಾಗಿ ಕೇಳಿಸಿತು.

"ನಂಗೊತ್ತಿತ್ತು," ಎಂದಳು ಕುಸುಮ, ನೀರನ್ನೇ ನೋಡುತ್ತ. "ಕಲ್ಲ ಸರಿಯಾಗೇ ಇಟ್ಟಿದ್ದೆ, ಚಕ್ರ ಅದರ ಮೇಲತ್ತಿ ಬಂತು. ಆದ್ರೂ ನಾನು ಪಕ್ಕಕ್ಕೆ ಸರೀಬೌದಿತ್ತು, ಟೈಮಿತ್ತು." ಒಲೆಯ ಉರಿ ತಗ್ಗಿಸಿದಳು. "ನೀವು ತಿರುಗಿ ನೋಡಿದ್ರಲ್ಲ. ಆ ಮುಖ ನೋಡ್ತಾ ನಿಂತ್ಬುಟ್ಟೆ. ಇಪ್ಪತ್ತೊಂಬತ್ತು ವರ್ಷದಾಗೆ ನೀವು ನನ್ನ ಅಂಗೆ ನೋಡಿರ್ಲಿಲ್ಲ."

ಹೊರಗೆ ಎಂಜಿನ್ನು ಇನ್ನೂ ಓಡುತ್ತಿತ್ತು, ಸಮವಾಗಿ, ತನ್ನಷ್ಟಕ್ಕೆ. ಅವಳ ಕಿವಿಯ ಹಿಂದಿನ ನರೆಕೂದಲು ಆವಿಗೆ ಒದ್ದೆಯಾಗಿ ಕುತ್ತಿಗೆಗೆ ಅಂಟಿದ್ದು, ಕಟ್ಟಿನಿಂದ ಹೊರಗೆ ಇಣುಕುತ್ತಿದ್ದ ಬೆರಳುಗಳು ಊದಿಕೊಂಡಿದ್ದು ಕಾಣಿಸಿದವು. ಈ ಹನ್ನೊಂದು ದಿನವೂ ತಾವು ಬರೀ ಅನ್ನ ಉಂಡಿದ್ದೇವೆ, ಒಂದು ಹೊತ್ತೂ ಮುದ್ದೆ ಉಂಡಿಲ್ಲ, ಒಂದೇ ಕೈಯಲ್ಲಿ ಹಿಟ್ಟು ತಿರುವಲು ಆಗುವುದಿಲ್ಲ, ಅದು ತನ್ನ ಗಮನಕ್ಕೇ ಬಂದಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು.

"ನಿಂತ್ಕೊಂಡಿದ್ರೆ ನೀರು ಇಂಗೋಯ್ತದೆ," ಎಂದಳು ಅವಳು. "ಕೈ ತೊಳ್ಕೊಂಡು ಬನ್ನಿ. ಹಿಟ್ಟಿನ ಕೋಲು ಅಲ್ಲೈತೆ."

ಅವನು ಕೈ ತೊಳೆದು ಬಂದು, ಪಾತ್ರೆಯನ್ನು ಒಲೆಯಿಂದ ಇಳಿಸಿ ಎರಡು ಪಾದಗಳ ನಡುವೆ ಬಟ್ಟೆಯಲ್ಲಿ ಒತ್ತಿ ಹಿಡಿದು ಕೂತ. ಅವಳು ಹಿಟ್ಟು ಸುರಿದಳು. ಕೋಲು ಮೊದಲ ಸುತ್ತಿಗೆ ಹಗುರವಾಗಿ ಹೋಯಿತು, ಎರಡನೆಯ ಸುತ್ತಿಗೆ ಹಿಡಿಯಿತು, ಮೂರನೆಯದಕ್ಕೆ ತೋಳಿನ ಬಲವನ್ನೆಲ್ಲ ಕೇಳಿತು. ಇಷ್ಟು ಭಾರವೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಳ್ಳೆಯ ಕೈಯನ್ನು ಅವನ ಕೈಯ ಮೇಲೆ ಇಟ್ಟು, ಇನ್ನೂ ಅಡಿಯಿಂದ ಎಂದಳು. ಅವನು ಅಡಿಯಿಂದ ತಿರುವಿದ.